ಅತ್ತಿಗೆ ಅಮೇರಿಕ, ನಾನು ಚೀನಾ

ನನಗೂ ನನ್ನ ಅತ್ತಿಗೆಗೂ ಆಗಿಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರೂ "ಹೆಂಗಸರು ಹೊಂದಿಕೊಂಡು ಹೋಗಬೇಕಪ್ಪ" ಅಂತ ಉಪದೇಶ ಹೊತ್ತುಕೊಂಡು ಬರುವುದು ಬೇಡ. ಹೊಂದಿಕೊಳ್ಳುವುದು ಬಾಯಲ್ಲಿ ಹೇಳಿದಷ್ಟು ಸುಲಭ ಇದ್ದಿದ್ದರೆ ಅಮೇರಿಕವೂ ಚೀನಾವೂ ಯಾವತ್ತೋ ಹೊಂದಿಕೊಂಡು ಚಾ ಕುಡಿಯುತ್ತಿದ್ದವು.

ನಮ್ಮ ಮನೆ ಇರುವುದು ಹೊನ್ನಾವರದ ಕಡೆಯಿಂದ ಅಪ್ಸರಕೊಂಡಕ್ಕೆ ತಿರುಗುವ ರಸ್ತೆಯಲ್ಲಿ. ಅಪ್ಪ ಕಟ್ಟಿಸಿದ ಮನೆ. ಈಗ ಅಪ್ಪನೂ ಇಲ್ಲ, ಅಮ್ಮನೂ ಇಲ್ಲ. ಇರುವವರು ಮೂರೇ ಜನ: ಮಾಸ್ತರಿಕೆಯಿಂದ ನಿವೃತ್ತನಾದ ನನ್ನ ಅಣ್ಣ, ಅವನ ಹೆಂಡತಿ, ನಾನು. ನನ್ನನ್ನು ಭಟ್ಕಳದ ಕಡೆ ಕೊಟ್ಟಿದ್ದರು. ಅಲ್ಲಿ ಬಾಳಲಿಕ್ಕೆ ಆಗಲಿಲ್ಲ, ತಿರುಗಿ ಬಂದೆ. ಯಾಕೆ ಎಂಬುದು ಊರಿಗೆಲ್ಲ ಗೊತ್ತಿದೆ, ಇಲ್ಲಿ ಮತ್ತೆ ಬರೆಯುವ ಅಗತ್ಯ ಇಲ್ಲ. ಆಗ ಅಮ್ಮ ಬದುಕಿದ್ದಳು. ಜಗಲಿಗೆ ತಾಗಿದ ಮುಂದಿನ ಕೋಣೆಯನ್ನು ನನಗೆ ಬಿಟ್ಟುಕೊಟ್ಟಳು. ಅಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡೆ. ಮಂಕಿಯಿಂದಲೂ ಹೆಂಗಸರು ಬ್ಲೌಸು ಹೊಲಿಸಲು ಹುಡುಕಿಕೊಂಡು ಬರುತ್ತಾರೆ. ನನ್ನ ಅನ್ನ ನಾನು ದುಡಿದು ತಿನ್ನುತ್ತೇನೆ, ಮನೆಯ ಅರ್ಧ ದಿನಸಿಯೂ ನನ್ನದೇ.

ಅತ್ತಿಗೆ ಹೊನ್ನಾವರದ ಒಂದು ಸೊಸೈಟಿಯಲ್ಲಿ ಕ್ಯಾಶಿಯರ್ ಆಗಿದ್ದಳು. ಅವಳು ಬೆಳಿಗ್ಗೆ ಹೋಗಿ ಸಂಜೆ ಬರುತ್ತಿದ್ದ ವರ್ಷಗಳಲ್ಲಿ ನಮ್ಮಿಬ್ಬರ ನಡುವೆ ಇದ್ದದ್ದು ಬರೀ ಮುಸುಕಿನ ಗುದ್ದಾಟ. ಕಳೆದ ವರ್ಷ ಅವಳಿಗೂ ನಿವೃತ್ತಿ ಆಯಿತು ನೋಡಿ, ಒಂದು ಒರೆಯಲ್ಲಿ ಎರಡು ಕತ್ತಿ ಬಂದು ಬಿತ್ತು. ನನ್ನ ಮಿಷನ್ನಿನ ಸದ್ದಿಗೆ ಅವಳಿಗೆ ತಲೆನೋವು. ಅವಳ ಮಿಕ್ಸರಿನ ಸದ್ದಿಗೆ ನನಗೆ. ಅವಳು ಫ್ರಿಜ್ಜಿನಲ್ಲಿ ನನ್ನ ಮಜ್ಜಿಗೆ ಪಾತ್ರೆಯನ್ನು ಹಿಂದೆ ತಳ್ಳುವುದು, ನಾನು ಅವಳ ಹಿಟ್ಟಿನ ಡಬ್ಬಿಯನ್ನು ಹೊರಗೆ ತೆಗೆದಿಡುವುದು, ಹೀಗೆ ನಡೆದಿತ್ತು.

ಅಷ್ಟಕ್ಕೇ ನಿಂತಿದ್ದರೆ ತಾಳಿಕೊಳ್ಳುತ್ತಿದ್ದೆ. ಅಪ್ಸರಕೊಂಡದ ಜಲಪಾತ ನೋಡಲು ಬರುವ ಕಾರುಗಳು ನಮ್ಮ ಗೇಟಿನ ಎದುರೇ ಹಾದುಹೋಗುವುದು ಅವಳ ಕಣ್ಣಿಗೆ ಬಿತ್ತು. ಹೋಮ್ ಸ್ಟೇ ಮಾಡಬೇಕಂತೆ. ಅದಕ್ಕೆ ಬೇಕಾದದ್ದು ನನ್ನ ಕೋಣೆ, ಯಾಕೆಂದರೆ ಅದಕ್ಕೊಂದೇ ರಸ್ತೆ ಕಡೆಯಿಂದ ಬೇರೆ ಬಾಗಿಲು ಇರುವುದು. ನಾನು ಎಲ್ಲಿಗೆ ಹೋಗಬೇಕು? ಹಿತ್ತಲ ಕಡೆಯ ಉಗ್ರಾಣಕ್ಕೆ, ತೆಂಗಿನಕಾಯಿ ರಾಶಿಯ ಪಕ್ಕಕ್ಕೆ. ಗಿರಾಕಿಗಳು ಅಡುಗೆಮನೆ ದಾಟಿ, ಬಚ್ಚಲು ದಾಟಿ ಅಲ್ಲಿಗೆ ಬಂದು ಅಳತೆ ಕೊಡಬೇಕು. ಅಂದರೆ ಯಾರೂ ಬರುವುದಿಲ್ಲ. ಅಂದರೆ ನಾನು ನಾಳೆಯಿಂದ ಅವಳು ಬಡಿಸಿದ್ದನ್ನು ಉಣ್ಣಬೇಕು. ಆ ಕೋಣೆ ಹೋದರೆ ನನಗೆ ಮನೆಯಲ್ಲಿ ನೆಲೆ ಇಲ್ಲ ಎಂಬುದು ಅವಳಿಗೂ ಗೊತ್ತು, ನನಗೂ ಗೊತ್ತು.

"ನಾ ಬಿಡ್ತಿಲ್ಲೆ" ಅಂದೆ.

"ಮನೆ ನಿನ್ನೊಬ್ಬಳದ್ದಾ?" ಅಂದಳು.

ಇಬ್ಬರೂ ಅಣ್ಣನ ಮುಖ ನೋಡಿದೆವು. ಅಣ್ಣ ಎಲೆಯಡಿಕೆಯ ಕವಳ ಹಾಕಿಕೊಳ್ಳುತ್ತಾ, "ನೋಡನ" ಅಂದ. ಅವನ ಜನ್ಮದಲ್ಲಿ ಎಲ್ಲ ಪ್ರಶ್ನೆಗೂ ಅದೇ ಉತ್ತರ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವನಷ್ಟು ಪಳಗಿದವರು ಜಿಲ್ಲೆಯಲ್ಲೇ ಇಲ್ಲ. ಅತ್ತಿಗೆಯ ಹತ್ತಿರ ಹೋಗಿ "ಕೋಣೆ ನಿಂಗೇ" ಅನ್ನಲಿಲ್ಲ, ನನ್ನ ಹತ್ತಿರ ಬಂದು "ಹೆದರಡ" ಅನ್ನಲೂ ಇಲ್ಲ. ನೆಹರೂ ಕಾಲದ ಅಲಿಪ್ತ ನೀತಿ ದೆಹಲಿಯಲ್ಲಿ ಯಾವಾಗಲೋ ಮುಗಿದಿರಬಹುದು, ನಮ್ಮ ಮನೆಯ ಜಗಲಿಯಲ್ಲಿ ಮಾತ್ರ ಕಾಲು ಮೇಲೆ ಕಾಲು ಹಾಕಿ ಕೂತಿತ್ತು.

ಒಂದು ಬೆಳಿಗ್ಗೆ ಎದ್ದು ನೋಡಿದರೆ ನನ್ನ ಕೋಣೆಯ ಬಾಗಿಲಿಗೆ ಹೋಮ್ ಸ್ಟೇಯ ಬಣ್ಣದ ಬೋರ್ಡು. ಅಳತೆ ಸರಿಯಾಗುತ್ತದೋ ನೋಡಲು ಹಿಡಿದು ನೋಡಿದ್ದಂತೆ, ಹಾಗೇ ನೇತು ಹಾಕಿದ್ದು ಮರೆತೇಹೋಯಿತಂತೆ. ಅವಳದ್ದೊಂದು ರೇಷ್ಮೆ ಬ್ಲೌಸು ನನ್ನ ಹತ್ತಿರ ಹೊಲಿಗೆಗೆ ಇತ್ತು. ಅದರ ತೋಳನ್ನು ಒಂದು ಬೆರಳಷ್ಟು ಬಿಗಿ ಮಾಡಿ ಹೊಲಿದು, ಇಸ್ತ್ರಿ ಹಾಕಿ, ನಗುನಗುತ್ತಾ ಕೊಟ್ಟೆ. ನನ್ನ ಹತ್ತಿರ ಇದ್ದ ಆಯುಧ ಅದೊಂದೇ, ಅದರ ಬಗ್ಗೆ ನನಗೆ ಇವತ್ತಿಗೂ ಬೇಸರ ಇಲ್ಲ.

ಈಗ ಅಮೇರಿಕ, ಚೀನಾ ಎಲ್ಲಿಂದ ಬಂತು ಎಂಬುದನ್ನು ಹೇಳಬೇಕು. ನಮ್ಮದೊಂದು ಮಹಿಳಾ ತಾಳಮದ್ದಳೆ ತಂಡ ಇದೆ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳುತ್ತಾರೆ, ನಾವು ಎದುರುಬದುರು ಕೂತು ಪಾತ್ರವಾಗಿ ಅರ್ಥ ಹೇಳುತ್ತೇವೆ, ವಾದ ಮಾಡುತ್ತೇವೆ. ಅತ್ತಿಗೆ ಅದರಲ್ಲಿ ಹಳಬಳು, ನಾನು ಆಮೇಲೆ ಸೇರಿದವಳು. ಭಾಗವತಿಕೆ ಅಣ್ಣನದ್ದು. ಮನೆಯಲ್ಲಿ ತುಟಿ ಬಿಚ್ಚದ ಮನುಷ್ಯ ಅಲ್ಲಿ ಜಾಗಟೆ ಹಿಡಿದು ಕೂತರೆ ಊರಿಗೆಲ್ಲ ಕೇಳುವ ಹಾಗೆ ಹಾಡುತ್ತಾನೆ.

ಕುಮಟೆಯಲ್ಲಿ ಒಂದು ಸಂಘದ ವಾರ್ಷಿಕೋತ್ಸವಕ್ಕೆ ನಮ್ಮನ್ನು ಕರೆದರು. ಕರೆದವರು ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದ ನಿವೃತ್ತ ಮಾಸ್ತರರು. "ಪುರಾಣ ಎಲ್ಲರೂ ಮಾಡ್ತ. ನೀವು ಪ್ರಚಲಿತ ಮಾಡಿ. ಅಮೇರಿಕ ಮತ್ತು ಚೀನಾ, ಧನಬಲ ಯಾರದ್ದು ಹೆಚ್ಚು, ಸೈನ್ಯಬಲ ಯಾರದ್ದು ಹೆಚ್ಚು ಹೇಳಿ ವಾದ ಆಗಲಿ" ಅಂದರು. ಪದ್ಯ ಅವರೇ ಬರೆದು ತಂದಿದ್ದರು. ವಿಮಾನವಾಹಕ ನೌಕೆಯನ್ನು ತಾಳಕ್ಕೆ ಕೂರಿಸಲು ಆ ಮಹರಾಯರು ಪಟ್ಟ ಪಾಡು ಓದಿದರೇ ಗೊತ್ತಾಗುತ್ತಿತ್ತು. ಅಣ್ಣ ಅದನ್ನು ಎರಡು ದಿನ ಗುನುಗಿ, ಹೇಗೋ ಒಂದು ರಾಗಕ್ಕೆ ಇಳಿಸಿದ.

ಪಾತ್ರ ಹಂಚುವಾಗ ಅತ್ತಿಗೆ ಯಾರ ಬಾಯಿಗೂ ಕಾಯದೆ, "ಅಮೇರಿಕ ನಂದು" ಅಂದಳು. ಆಮೇಲೆ ನನ್ನನ್ನು ನೋಡಿ, "ಚೀನಾ ಇದಕ್ಕೇ ಸರಿ. ಬೆಳಗಿಂದ ಸಂಜೆವರೆಗೆ ಮಿಷನ್ ತುಳಿದು ಊರಿಗೆಲ್ಲ ಹೊಲ್ದು ಕೊಡ್ತಲ" ಅಂದಳು. ತಂಡದವರೆಲ್ಲ ನಕ್ಕರು. ನಾನೂ ನಕ್ಕೆ. ಒಳಗೆ ಉರಿಯುತ್ತಿತ್ತು.

ಆಮೇಲಿನ ದಿನಗಳಲ್ಲಿ ಮನೆಯಲ್ಲಿ ನಡೆದದ್ದು ತಯಾರಿ ಅಂತ ಹೇಳಬೇಕೋ ದಂಡೆತ್ತಿ ಬಂದದ್ದು ಅಂತ ಹೇಳಬೇಕೋ. ಅವಳು ಅಡುಗೆಮನೆಯಲ್ಲಿ ಪೇಪರು ಹರಡಿಕೊಂಡು ಡಾಲರಿನ ಬಲ ಓದುವಳು. ನಾನು ಕೋಣೆಯ ಬಾಗಿಲು ಹಾಕಿಕೊಂಡು ಫೋನಿನಲ್ಲಿ ಚೀನಾದ ಬಂದರು, ಕಾರ್ಖಾನೆ, ಕ್ಷಿಪಣಿ ಕೇಳುವೆ. ನಾನು ನೀರು ಕುಡಿಯಲು ಹೋದರೆ ಅವಳು ಪೇಪರು ಮಡಚುವಳು. ಅವಳು ಜಗಲಿಗೆ ಬಂದರೆ ನಾನು ಫೋನಿನ ದನಿ ತಗ್ಗಿಸುವೆ. ಕುಮಟೆ ಕಡೆಯ ಒಬ್ಬ ಗಿರಾಕಿ, ಗಂಡನಿಗೆ ಸಿಗಡಿ ಹೊಂಡ ಇರುವವಳು, ಅಮೇರಿಕ ಸುಂಕ ಏರಿಸಿದಾಗ ಇಲ್ಲಿ ಸಿಗಡಿ ಕೇಳುವವರೇ ಇಲ್ಲದೆ ಅವರು ಪಟ್ಟ ಕಷ್ಟ ಹೇಳಿದಳು. ಅದನ್ನು ಅತ್ತಿಗೆಯ ಎದೆಗೆ ಹೊಡೆಯಲಿಕ್ಕೆ ಅಂತಲೇ ತೆಗೆದಿಟ್ಟುಕೊಂಡೆ.

ಕಾರ್ಯಕ್ರಮ ಭಾನುವಾರ ಮಧ್ಯಾಹ್ನ, ಊಟದ ಮೇಲೆ. ಸಭಾಭವನ ತುಂಬಿತ್ತು. ಹಿಂದಿನ ಸಾಲಿನಲ್ಲಿ ಆಗಲೇ ತೂಕಡಿಸುತ್ತಿದ್ದವರೂ ಇದ್ದರು. ಅಣ್ಣ ನಡುವೆ, ಒಂದು ಪಕ್ಕ ಮದ್ದಳೆ, ಒಂದು ಪಕ್ಕ ಚಂಡೆ. ಅವನ ಎಡಕ್ಕೆ ನಾನು, ಬಲಕ್ಕೆ ಅತ್ತಿಗೆ. ಅವಳು ಅದೇ ರೇಷ್ಮೆ ಬ್ಲೌಸು ಹಾಕಿಕೊಂಡು ಬಂದಿದ್ದಳು. ಪದ್ಯ ಮುಗಿದು ಪೀಠಿಕೆಗೆ ಕೈ ಎತ್ತಹೋದವಳು ಅರ್ಧಕ್ಕೇ ನಿಲ್ಲಿಸಿ ನನ್ನನ್ನು ಒಂದು ನೋಟ ನೋಡಿದಳು. ಆಮೇಲೆ ಕೈ ಮಡಿಲಲ್ಲಿಟ್ಟುಕೊಂಡೇ ಮಾತು ಶುರು ಮಾಡಿದಳು.

ಸುಳ್ಳು ಹೇಳಬಾರದು, ಅವಳ ಅರ್ಥ ಕೇಳುವ ಹಾಗೆ ಇರುತ್ತದೆ. "ಭೂಮಂಡಲದ ಯಾವ ಸಂತೆಯಲ್ಲಿ ವ್ಯಾಪಾರ ನಡೆದರೂ ಬೆಲೆ ಕಟ್ಟುವುದು ನನ್ನ ನಾಣ್ಯದಲ್ಲಿ. ಸಮುದ್ರ ಸಮುದ್ರದಲ್ಲಿ ನನ್ನ ವಿಮಾನ ಹೊರುವ ಹಡಗುಗಳು ತೇಲುತ್ತವೆ. ಪರದೇಶದ ನೆಲದಲ್ಲಿ ನನ್ನ ಸೈನ್ಯ ಬಿಡಾರ ಹೂಡಿದೆ, ಆ ದೇಶದವರೇ ಕರೆದು ಕೂರಿಸಿದ್ದಾರೆ. ನನ್ನ ವಿದ್ಯೆ ಕಲಿಯಲು ನಿನ್ನ ಮಕ್ಕಳೇ ನನ್ನ ಬಾಗಿಲಲ್ಲಿ ಸಾಲು ನಿಲ್ಲುತ್ತಾರೆ. ಹೇಳು, ನಿನ್ನ ಬಲ ಎಂತದ್ದು?"

ನನ್ನ ಸರದಿ ಬಂತು. "ನಿನ್ನ ಅರಮನೆಯ ಪೊರಕೆಯಿಂದ ಹಿಡಿದು ದೇವರ ಕೋಣೆಯ ದೀಪದ ಸರದವರೆಗೆ ಮಾಡಿದ ಕೈ ಯಾರದ್ದು? ನಿನ್ನ ಯುದ್ಧವಿಮಾನದ ಹೊಟ್ಟೆಯೊಳಗಿನ ಅಯಸ್ಕಾಂತಕ್ಕೆ ಬೇಕಾದ ಅದಿರು ಯಾರ ಗಣಿಯದ್ದು? ನಾನು ಒಂದು ತಿಂಗಳು ಕೈ ಕಟ್ಟಿ ಕೂತರೆ ನಿನ್ನ ಅಂಗಡಿಗಳ ಕಪಾಟು ಖಾಲಿ. ಹಡಗಿನ ಮಾತು ಆಡಿದೆ. ಎಣಿಸಿ ನೋಡು, ನನ್ನ ಯುದ್ಧದ ಹಡಗುಗಳೇ ಹೆಚ್ಚು."

"ಎಣಿಸುವುದು ಬಂಗಡೆ ಮೀನನ್ನು" ಅಂದಳು ಅತ್ತಿಗೆ, ತಟ್ಟನೆ. "ತಿಮಿಂಗಿಲವನ್ನು ತೂಗಬೇಕು."

ಸಭೆ ಚಪ್ಪಾಳೆ ಹೊಡೆಯಿತು. ತೂಕಡಿಸುತ್ತಿದ್ದವರೂ ಎದ್ದರು. ನಾನು ಬಿಡಲಿಲ್ಲ. "ತಿಮಿಂಗಿಲ ಆಳದಲ್ಲಿ ಇರುವಷ್ಟು ಹೊತ್ತು ದೊಡ್ಡದು. ದಂಡೆಗೆ ಬಂದರೆ ಅದರ ತೂಕವೇ ಅದನ್ನು ಕೊಲ್ಲುತ್ತದೆ. ನನ್ನ ದಂಡೆಗೆ ಬಾ, ನೋಡುವ" ಅಂದೆ. ಅದಕ್ಕೂ ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿ ಕೂತ ಮಾಸ್ತರರು ತಮ್ಮ ಮಗಳ ಮದುವೆ ಸುಸೂತ್ರ ನಡೆದವರ ಹಾಗೆ ಖುಷಿಯಲ್ಲಿದ್ದರು.

ಹೀಗೇ ಹೋಯಿತು ಬಹಳ ಹೊತ್ತು. ಸುಂಕದ ಮಾತು ಬಂದಾಗ ಕುಮಟೆಯ ಸಿಗಡಿಯನ್ನು ಎಳೆದು ತಂದೆ, ಸಿಗಡಿಯವರು ಸಿಳ್ಳೆ ಹಾಕಿದರು. ಸಾಲ ಮಾಡಿ ತುಪ್ಪ ತಿನ್ನುವವಳು ಅಂತ ಅವಳನ್ನು ಹಂಗಿಸಿದೆ. ಸಾಲ ಕೊಟ್ಟವರಲ್ಲಿ ನೀನೂ ಒಬ್ಬಳು, ನಿದ್ದೆಗೆಡಬೇಕಾದವಳು ನೀನು ಅಂತ ಅವಳು ಅಂದಳು. ವಾದ ನ್ಯಾಯವಾಗಿಯೇ ನಡೆದಿತ್ತು. ಇಬ್ಬರೂ ಓದಿಕೊಂಡು ಬಂದದ್ದನ್ನು ಒಬ್ಬರ ಮೇಲೊಬ್ಬರು ಎಸೆಯುತ್ತಿದ್ದೆವು, ಅಷ್ಟೇ.

ಗೆರೆ ದಾಟಿದವಳು ಅವಳು. ಇದನ್ನು ಯಾರ ಎದುರು ಬೇಕಾದರೂ ಹೇಳುತ್ತೇನೆ. ಅಣ್ಣ ಮಿತ್ರಬಲದ ಪದ್ಯ ಹೇಳಿದ್ದ. ಅತ್ತಿಗೆ ಪ್ರಪಂಚದಲ್ಲಿ ತನ್ನ ಜೊತೆ ನಿಂತ ದೇಶಗಳ ಹೆಸರು ಹೇಳಿ ಮುಗಿಸಿ, ದನಿ ಇಳಿಸಿದಳು.

"ನನಗೆ ಮಿತ್ರರಿದ್ದಾರೆ. ನಿನಗೆ ಯಾರಿದ್ದಾರೆ? ಗಿರಾಕಿಗಳು. ಬೇಕಾದಾಗ ಬರುತ್ತಾರೆ, ಅಳತೆ ಕೊಡುತ್ತಾರೆ, ಸಾಮಾನು ತೆಗೆದುಕೊಂಡು ಹೋಗುತ್ತಾರೆ. ನಿನಗೆ ಜ್ವರ ಬಂದರೆ ಒಬ್ಬರೂ ಬಂದು ಕೂರುವುದಿಲ್ಲ. ನೀನು ಇಷ್ಟು ಬೆಳೆದದ್ದು ನನ್ನ ಅಂಗಳದಲ್ಲಿ. ನನ್ನ ಬಾಗಿಲು ತೆರೆದಿತ್ತು, ನೀನು ಒಳಗೆ ಬಂದೆ. ಆ ಬಾಗಿಲನ್ನು ನಾನು ಹಾಕಿದ ದಿನ ನೀನು ಯಾರು?"

ಸಭೆಗೆ ಅದು ಮಾರುಕಟ್ಟೆಯ ಮಾತು. ವ್ಯಾಪಾರದ ಬಾಗಿಲು. ತಲೆ ಆಡಿಸಿದರು. ಅಳತೆ ಕೊಡುತ್ತಾರಂತೆ. ಯಾವ ದೇಶ ಯಾವ ದೇಶಕ್ಕೆ ಅಳತೆ ಕೊಡುತ್ತದೆ? ಆ ಬಾಗಿಲು ಯಾವ ಬಾಗಿಲು ಎಂಬುದು ಆ ಸಭೆಯಲ್ಲಿ ಮೂರು ಜನಕ್ಕೆ ಗೊತ್ತಿತ್ತು. ಮೂರನೆಯವನು ಪದ್ಯದ ಹಾಳೆ ನೋಡುತ್ತಿದ್ದ.

ನಾನೂ ಬಿಟ್ಟೆ ನೋಡಿ. "ಅಮೇರಿಕವೇ, ನಿನಗೆ ವಯಸ್ಸೆಷ್ಟು? ನನ್ನ ನೆಲದಲ್ಲಿ ನನ್ನ ಅಜ್ಜಂದಿರು ರೇಷ್ಮೆ ನೇಯುವಾಗ ನಿನ್ನ ಹೆಸರೇ ಹುಟ್ಟಿರಲಿಲ್ಲ. ನೀನು ಎಲ್ಲಿಂದಲೋ ವಲಸೆ ಬಂದು ಕೂತವಳು. ಬಂದವಳು ಕೂತ ಮೇಲೆ ಅಲ್ಲೇ ಹುಟ್ಟಿದವರನ್ನು ಮೂಲೆಗೆ ತಳ್ಳಿದವಳು. ನಿನ್ನ ಚರಿತ್ರೆಯೇ ಅದು. ಹುಟ್ಟಿದವರ ಜಾಗ ಕಿತ್ತು ಬೋರ್ಡು ಹಾಕುವುದು."

ಹೆಂಗಸರ ಸಾಲಿನಲ್ಲಿ ಏನೋ ಗುಸುಗುಸು ಎದ್ದಿತು. ಹೊರಗಿಂದ ಬಂದವಳು ಎಂಬ ಮಾತು ಕೇಳದೆ ಸಂಸಾರ ಮಾಡಿದ ಸೊಸೆ ಆ ಸಭೆಯಲ್ಲಿ ಯಾರಿದ್ದರು? ಅತ್ತಿಗೆಯ ಮುಖ ಕಪ್ಪಿಟ್ಟಿತು. ಅವಳು ಇನ್ನು ಪದ್ಯಕ್ಕೂ ಕಾಯಲಿಲ್ಲ.

"ಹೌದು, ಬಂದವಳು. ಬಂದವಳೇ ಕಟ್ಟಿದ್ದು. ಯುದ್ಧ ಮುಗಿದು ದೇಶ ದೇಶಗಳು ಹಾಸಿಗೆ ಹಿಡಿದು ಮಲಗಿದ್ದಾಗ ಎತ್ತಿ ಕೂರಿಸಿ ಗಂಜಿ ಕುಡಿಸಿದವಳು ನಾನು. ಹೊಲಸು ಬಳಿದವಳು ನಾನು. ಅಲ್ಲೇ ಹುಟ್ಟಿದ ನೀನು ಆಗ ಎಲ್ಲಿದ್ದೆ?"

ಅಪ್ಪ ಹಾಸಿಗೆ ಹಿಡಿದಾಗ ನಾನು ಭಟ್ಕಳದ ಕಡೆಯ ಆ ಮನೆಯಲ್ಲಿದ್ದೆ. ನನ್ನನ್ನು ಹೊರಗೆ ಬಿಡುತ್ತಿರಲಿಲ್ಲ. ಅದು ಇವಳಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ನೂರಾರು ಜನರ ಎದುರು ಅದೇ ಜಾಗ ನೋಡಿ ಚುಚ್ಚಿದಳು. ಆ ಕ್ಷಣಕ್ಕೆ ಕೈಯಲ್ಲಿ ಕತ್ತರಿ ಇದ್ದಿದ್ದರೆ ಎಂತ ಮಾಡುತ್ತಿದ್ದೆನೋ ಗೊತ್ತಿಲ್ಲ. ಭಾಗವತರ ಕಡೆ ತಿರುಗಿದೆ.

ಇದು ನಮ್ಮಲ್ಲಿ ನಡೆಯುವ ಪದ್ಧತಿಯೇ. ಪಾತ್ರದಲ್ಲಿ ಇರುವವರು ಭಾಗವತರನ್ನು ಮಾತಿಗೆ ಎಳೆಯಬಹುದು, ಭಾಗವತರು ಕೂತಲ್ಲೇ ಉತ್ತರ ಕೊಡಬೇಕು. ಕೊಡದಿದ್ದರೆ ಸಭೆ ನಗುತ್ತದೆ.

"ಭಾಗವತರೇ" ಅಂದೆ. "ನಮ್ಮಿಬ್ಬರ ಬಲಾಬಲ ಇಷ್ಟು ಹೊತ್ತು ಕೇಳಿದಿರಿ. ನಮ್ಮ ನಡುವೆ ಒಂದು ದೇಶ ಇದೆಯಲ್ಲ, ಇಬ್ಬರಿಗೂ ತಲೆ ಆಡಿಸುವ ದೇಶ, ಎಂತ ಕೇಳಿದರೂ ನೋಡುವ ಅನ್ನುವ ದೇಶ. ಅದು ಇವತ್ತು ಸಭೆಯ ಎದುರು ಹೇಳಲಿ. ಅದು ಯಾರ ಕಡೆ?"

ಸಭೆಯವರಿಗೆ ಭಾರತ ಅಂತ ಅರ್ಥ ಆಗಿ ಹೋ ಅಂದರು. ಮಾಸ್ತರರು ಕುರ್ಚಿಯ ತುದಿಗೆ ಬಂದರು. ಅತ್ತಿಗೆಯೂ ಅಣ್ಣನ ಕಡೆ ತಿರುಗಿ ಕೂತಳು. ಅವಳ ಮುಖದಲ್ಲಿ ನನ್ನ ಮುಖದಲ್ಲಿದ್ದದ್ದೇ ಇತ್ತು. ಅವಳಿಗೂ ಇದೇ ಉತ್ತರ ಬೇಕಾಗಿತ್ತು, ಅವಳಿಗೂ ಈ ಮನುಷ್ಯ ಮನೆಯಲ್ಲಿ ಅದನ್ನು ಕೊಟ್ಟಿರಲಿಲ್ಲ ಎಂದು ನನಗೆ ಆಗ ತಿಳಿಯಿತು.

ಅಣ್ಣ ಜಾಗಟೆ ಕೆಳಗಿಟ್ಟ. ಬೆವರು ಒರೆಸಿಕೊಂಡ. ಆಮೇಲೆ ಒಳ್ಳೆ ಭಾಗವತರ ದನಿಯಲ್ಲೇ, ಎಲ್ಲರಿಗೂ ಕೇಳುವ ಹಾಗೆ ಹೇಳಿದ.

"ಆ ದೇಶ ಯಾರ ಕಡೆಯೂ ಇಲ್ಲ. ಇಬ್ಬರ ಕಾಟ ತಡೆಯಲಾಗದೆ ಮೂರನೆಯವನಿಗೆ ಮಾತು ಕೊಟ್ಟಾಗಿದೆ. ಮುಂದಿನ ಕೋಣೆ, ಹಿಂದಿನ ಅಡುಗೆಮನೆ, ಬಾವಿ, ತೆಂಗಿನ ಮರ ಸಮೇತ ಲೀಸಿಗೆ."

ಸಭೆ ಬಿದ್ದು ಬಿದ್ದು ನಕ್ಕಿತು. ದೇಶಕ್ಕೆ ಅಡುಗೆಮನೆ, ಬಾವಿ ಇಟ್ಟದ್ದು ಎಂಥ ಹಾಸ್ಯ ಅಂತ ಮಾಸ್ತರರು ಪಕ್ಕದವರ ತೊಡೆ ಬಡಿದರು. ನಾನು ಅತ್ತಿಗೆಯನ್ನು ನೋಡಿದೆ. ಅವಳು ನನ್ನನ್ನು ನೋಡಿದಳು. ಅವಳ ಬಾಯಿ ತೆರೆದೇ ಇತ್ತು. ಇಪ್ಪತ್ತೈದು ವರ್ಷದಿಂದ ಮಾತಿಗೆ ಬರಗಾಲ ಇಲ್ಲದವಳು, ಭಾಗವತರು ಎರಡು ಸಲ ಶ್ರುತಿ ಹಿಡಿದರೂ ಒಂದಕ್ಷರ ಆಡಲಿಲ್ಲ. ಮನೆಯಲ್ಲಿ ಹೇಳಿದರೆ ನಾವಿಬ್ಬರೂ ಸೇರಿ ಹರಿದು ಹಾಕುತ್ತೇವೆ ಅಂತ, ನಾವು ಎದ್ದು ಬೈಯಲಾಗದ ಜಾಗ ನೋಡಿ ಹೇಳಿದ್ದ ಆ ಹೇಡಿ.

ಪ್ರಸಂಗ ಮುಗಿಸಲೇಬೇಕಲ್ಲ. ನಾನೇ ಬಾಯಿ ಬಿಟ್ಟೆ. "ಅಮೇರಿಕವೇ, ಎಣಿಸುವುದೋ ತೂಗುವುದೋ ಅಂತ ನಾವು ಜಗಳ ಆಡುತ್ತಾ ಕೂತೆವು. ಹಡಗು ಕಟ್ಟಲಿಕ್ಕೆ ದಂಡೆಯೇ ಹೋಯಿತು" ಅಂದೆ. ಅದು ಅರ್ಥ ಆಗಿತ್ತೋ ಅಳು ಆಗಿತ್ತೋ ನನಗೇ ಗೊತ್ತಿಲ್ಲ. ಚಪ್ಪಾಳೆಯೋ ಚಪ್ಪಾಳೆ. ಅಣ್ಣ ಗಡಿಬಿಡಿಯಲ್ಲಿ ಮಂಗಳ ಹಾಡಿದ. ನಮ್ಮಿಬ್ಬರಿಗೂ ಶಾಲು ಹೊದಿಸಿ, ಒಟ್ಟಿಗೆ ನಿಲ್ಲಿಸಿ ಫೋಟೋ ತೆಗೆದರು. ಇಂಥ ಅತ್ತಿಗೆ ನಾದಿನಿ ಪ್ರತಿ ಮನೆಯಲ್ಲಿ ಇರಬೇಕು ಅಂತ ಯಾರೋ ಮೈಕಿನಲ್ಲಿ ಹೇಳಿದರು.

ವಾಪಸ್ ಬರುವಾಗ ಇನ್ನೂ ಬಿಸಿಲಿತ್ತು. ಅಣ್ಣನದ್ದೊಂದು ಸಣ್ಣ ಕಾರು. ಯಾವಾಗಲೂ ಅತ್ತಿಗೆ ಮುಂದೆ ಅವನ ಪಕ್ಕ, ನಾನು ಹಿಂದೆ ಮದ್ದಳೆಯ ಜೊತೆ. ಆವತ್ತು ಅವಳು ಮದ್ದಳೆಯನ್ನು ಎತ್ತಿ ಮುಂದಿನ ಸೀಟಿನಲ್ಲಿಟ್ಟು, ಹಿಂದೆ ಬಂದು ನನ್ನ ಪಕ್ಕ ಕೂತಳು. ಕಾರು ಕುಮಟೆ ದಾಟಿತು.

"ಖರೇನಾ?" ಅಂತ ಕೇಳಿದಳು ಅವನ ಬೆನ್ನಿಗೆ.

"ಓಂ ಬೀಚಲ್ಲಿ ಗೆಸ್ಟ್ ಹೌಸ್ ನಡೆಸವ ಒಬ್ಬಂವ ಬಂದಿದ್ದ" ಅಂದ ಅಣ್ಣ, ರಸ್ತೆಯಿಂದ ಕಣ್ಣು ತೆಗೆಯದೆ. "ಇಡೀ ಮನೆ ಬೇಕು ಹೇಳ್ದ. ಹೊನ್ನಾವರದಲ್ಲಿ ನಂಗಕ್ಕೆ ಮೂರು ಜನಕ್ಕೂ ಒಂದು ಫ್ಲಾಟ್ ನೋಡಿದ್ದೆ. ಎರಡು ರೂಮು. ಯಾರಿಗೂ ಜಗಳ ಇಲ್ಲೆ."

"ನಂಗಳ ಹತ್ರ ಒಂದು ಮಾತು ಕೇಳಲಾಗ್ತಿತ್ತಿಲ್ಯಾ?" ಅಂದಳು ಅತ್ತಿಗೆ.

"ಎಂತ ಕೇಳದು? ನಿಂಗೆ ಕೊಟ್ರೆ ತಂಗಿಗೆ ಸಿಟ್ಟು. ಅದಕ್ಕೆ ಕೊಟ್ರೆ ನಿಂಗೆ ಸಿಟ್ಟು. ಯಾರಿಗೂ ಬೇಡ ಹೇಳಿ ಮಾಡ್ದಿ."

ಕೇಳಿದಿರಾ ನ್ಯಾಯ? ಇಬ್ಬರು ಹೆಂಗಸರು ಒಂದು ಕೋಣೆಗೆ ಜಗಳ ಆಡುತ್ತಾರೆ ಅಂತ ಇಡೀ ಮನೆಯನ್ನೇ ಕೊಟ್ಟುಬಿಟ್ಟರೆ ಜಗಳ ಮುಗಿಯಿತು. ಮೂಗಿನ ನೆಗಡಿಗೆ ಮೂಗು ಕೊಯ್ಯುವ ವೈದ್ಯ. ಎರಡು ರೂಮು ಅಂದ. ಒಂದರಲ್ಲಿ ಅವರಿಬ್ಬರು, ಇನ್ನೊಂದರಲ್ಲಿ ಯಾರ ಹಂಗಿನಲ್ಲಿ ನಾನು? ಮಿಷನ್ ಎಲ್ಲಿಡಲಿ? ಮಂಕಿಯ ಹೆಂಗಸರು ಅಲ್ಲಿ ಮಹಡಿ ಹತ್ತಿ ಬರುತ್ತಾರೆಯೇ? ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಅವನು ಗೇರು ಬದಲಿಸಿದ, ಅಷ್ಟೇ.

ಸೊಸೈಟಿಯಲ್ಲಿ ಸಾಲದ ಪತ್ರ ನೋಡಿ ನೋಡಿ ಪಳಗಿದ ತಲೆ ಅತ್ತಿಗೆಯದ್ದು, ಒಳಗೆ ಏನೋ ಲೆಕ್ಕ ಹಾಕುತ್ತಿತ್ತು. ಶರಾವತಿ ಸೇತುವೆ ಹತ್ತುವಾಗ ನನ್ನ ಕಡೆ ತಿರುಗಿದಳು.

"ಮನೆ ಇನ್ನೂವ ಮಾವನ ಹೆಸರಲ್ಲೇ ಇದ್ದು. ಗೊತ್ತಿದ್ದಾ ನಿಂಗೆ?"

ಗೊತ್ತಿರಲಿಲ್ಲ. ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

"ಪಾಲು ಆಜಿಲ್ಲೆ. ಮಗಂಗೆ ಎಷ್ಟು ಹಕ್ಕಿದ್ದೋ ಮಗಳಿಗೂ ಅಷ್ಟೇ ಇದ್ದು. ನೀ ಸಹಿ ಹಾಕದೆ ಲೀಸು ಆಗ್ತಿಲ್ಲೆ."

ಮುಂದೆ ಕೂತವನ ಕುತ್ತಿಗೆ ಗಟ್ಟಿಯಾದದ್ದು ನನಗೆ ಕಂಡಿತು. ಅವನಿಗೂ ಗೊತ್ತಿತ್ತು. ಯಾವುದೋ ಒಂದು ದಿನ ಚಾ ಕುಡಿಯುವಾಗ "ತಂಗಿ, ಇಲ್ಲೊಂದು ಸಹಿ ಹಾಕು" ಅನ್ನುತ್ತಿದ್ದ, ನಾನು ಮಿಷನ್ ಮೇಲೆಯೇ ಹಾಳೆ ಇಟ್ಟು ಹಾಕಿಕೊಡುತ್ತಿದ್ದೆ.

"ಮತ್ತೆ ನಿಂದು ಎಷ್ಟು ಪಾಲು?" ಅಂತ ಅವಳನ್ನು ಕೇಳಿದೆ.

"ನಂದೆಂತ ಇದ್ದು. ನಾ ಬಂದವಳು."

ನನ್ನದೇ ಮಾತು. ಅದನ್ನು ಅವಳು ಹೇಳಿದಾಗ ನನಗೆ ಕರಗಬೇಕಿತ್ತೋ ಏನೋ. ಕರಗಲಿಲ್ಲ. ಯಾಕೆಂದರೆ ಆಗಲೇ ಇನ್ನೊಂದು ಹೊಳೆದಿತ್ತು. ಇವಳಿಗೆ ಇದು ಇವತ್ತು ಗೊತ್ತಾದದ್ದಲ್ಲ. ನನ್ನ ಬಾಗಿಲಿಗೆ ಬೋರ್ಡು ಹಾಕುವಾಗ ಗೊತ್ತಿತ್ತು. ಮನೆ ನಿನ್ನೊಬ್ಬಳದ್ದಾ ಅಂತ ಕೇಳುವಾಗ ಗೊತ್ತಿತ್ತು. ಒಂದು ಗಂಟೆಯ ಹಿಂದೆ ನೂರಾರು ಜನರ ಎದುರು, ಬಾಗಿಲು ಹಾಕಿದರೆ ನೀನು ಯಾರು ಅಂತ ಕೇಳುವಾಗಲೂ ಗೊತ್ತಿತ್ತು. ಇಷ್ಟು ವರ್ಷ ನಾನು ಅವಳೆದುರು ಬರಿಗೈಯಲ್ಲಿ ನಿಂತಿದ್ದೇನೆ ಅಂದುಕೊಂಡಿದ್ದೆ. ನನ್ನ ಕೈಯಲ್ಲಿ ಎಂತ ಇದೆ ಅಂತ ನನಗಿಂತ ಚೆನ್ನಾಗಿ ಅವಳಿಗೇ ತಿಳಿದಿತ್ತು. ತನ್ನ ಅಡುಗೆಮನೆ ಹೋಗುವ ಹೊತ್ತಿಗೆ ಬಾಯಿ ಬಿಟ್ಟಳು.

"ನೀ ಸಹಿ ಹಾಕ್ತ್ಯಾ?" ಅಂದಳು. ಆ ದನಿಯನ್ನು ನಾನು ಅವಳಿಂದ ಯಾವತ್ತೂ ಕೇಳಿರಲಿಲ್ಲ. ಮಡಿಲಲ್ಲಿದ್ದ ಶಾಲನ್ನು ಮಡಚುವುದು, ಬಿಚ್ಚುವುದು ಮಾಡುತ್ತಿದ್ದಳು.

ಕೂಡಲೇ ಇಲ್ಲ ಅನ್ನಬಹುದಿತ್ತು. ನಾನಾದರೂ ಎಲ್ಲಿ ಹಾಕಲಿಕ್ಕಿದ್ದೆ? ಆದರೆ ಹೇಳಲಿಲ್ಲ. ಸೇತುವೆ ಮುಗಿಯಿತು, ರಸ್ತೆ ಬದಿಯ ಅಂಗಡಿಗಳು ದಾಟಿದವು. ಅವಳು ಕಾಯುತ್ತಿದ್ದಳು. ಕಾಯಲಿ ಅಂತಲೇ ಬಿಟ್ಟೆ.

"ಮುಂದಿನ ಕೋಣೆ ಯಾರದ್ದು?" ಅಂತ ಕೇಳಿದೆ.

ಅವಳು ಕಿಟಕಿಯ ಕಡೆ ಮುಖ ಮಾಡಿದಳು. "ನಿಂದೇ" ಅಂದಳು, ತುಟಿಯೊಳಗೇ.

"ಗಟ್ಟಿ ಹೇಳು" ಅಂದೆ. "ಅಣ್ಣಂಗೂ ಕೇಳ್ಲಿ."